ನೋಟ ಯಾರ ಇಚ್ಛೆ?

ಕನ್ನಡಿಯ ಮುಂದೆ ಒಬ್ಬರನ್ನು ಕೂರಿಸುತ್ತಾರೆ. ಮುಖದ ಮೇಕಪ್ ಒರೆಸಿ, ತಲೆಗೂದಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಗಲ್ಲದ ಕೆಳಗೆ ಒಂದಾದ ಮೇಲೊಂದರಂತೆ ಬಣ್ಣಬಣ್ಣದ ತುಂಡುಬಟ್ಟೆ ಹಿಡಿಯುತ್ತಾರೆ. ಹಳದಿಗೆ ಮುಖ ಕಳೆಗುಂದಿತೇ, ನೇರಳೆಗೆ ಕಣ್ಣು ಬೆಳಗಿತೇ ಎಂದು ಪರೀಕ್ಷಿಸಿ ಕೊನೆಗೆ ತೀರ್ಪು ಹೇಳುತ್ತಾರೆ: ನೀವು 'ಚಳಿಗಾಲ', ಇಲ್ಲವೇ ನೀವು 'ವಸಂತ'. ದಕ್ಷಿಣ ಕೊರಿಯಾದಲ್ಲಿ ಹುಚ್ಚು ಹಿಡಿಸಿ, ಫೋನಿನ ಪರದೆಯ ಮೂಲಕ ನಮ್ಮ ಊರುಗಳಿಗೂ ಬಂದಿಳಿದ 'ಪರ್ಸನಲ್ ಕಲರ್' ಪರೀಕ್ಷೆ ಇದು. ಇದರ ಜೊತೆಗೆ ದೇಹದ ಆಕಾರದ ಲೆಕ್ಕಾಚಾರ, ಸ್ವಭಾವದ ಪ್ರಶ್ನಾವಳಿ, ಬೀರುವಿನಲ್ಲಿ ಏನಿರಬೇಕು ಏನಿರಬಾರದು ಎಂಬ ಪಟ್ಟಿ. ಎಲ್ಲವೂ ಕೊಡುವ ಭರವಸೆ ಒಂದೇ. ನಿಮ್ಮ ಶೈಲಿ ನಿಮ್ಮೊಳಗೆ ಆಗಲೇ ಇದೆ, ಅದನ್ನು ಹುಡುಕಿ ಹೊರತೆಗೆದರೆ ಸಾಕು.

ಈ ಪರೀಕ್ಷೆಯ ಬೇರು ಹಿಡಿದು ಹೋದರೆ ಜರ್ಮನಿಯ ಬೌಹೌಸ್ ಕಲಾಶಾಲೆ ಸಿಗುತ್ತದೆ. 1919ರಿಂದ 1923ರವರೆಗೆ ಅಲ್ಲಿ ಪಾಠ ಮಾಡಿದ ಸ್ವಿಸ್ ಕಲಾವಿದ ಯೊಹಾನೆಸ್ ಇಟ್ಟೆನ್, ಬಣ್ಣಗಳ ಹೊಂದಿಕೆಯ ಬಗ್ಗೆ ಒಂದು ಸಂಗತಿಯನ್ನು ಗುರುತಿಸಿದ. ಹೊಂದುವ ಬಣ್ಣಗಳನ್ನು ಜೋಡಿಸಿ ಎಂದರೆ ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದೊಂದು ಥರ ಜೋಡಿಸುತ್ತಾರೆ, ಆ ಆಯ್ಕೆಗೂ ಅವರವರ ಮೈಬಣ್ಣ, ಕೂದಲು, ಸ್ವಭಾವಕ್ಕೂ ನಂಟಿರುವಂತೆ ಕಾಣುತ್ತದೆ ಎಂಬುದು ಆತನ ಮಾತು. ಅದು ಕೈಯಿಂದ ಕೈಗೆ ದಾಟಿ 1980ರಲ್ಲಿ ಅಮೆರಿಕದ ಕ್ಯಾರೊಲ್ ಜಾಕ್ಸನ್ ಬರೆದ 'ಕಲರ್ ಮಿ ಬ್ಯೂಟಿಫುಲ್' ಎಂಬ ಭಾರಿ ಮಾರಾಟದ ಪುಸ್ತಕವಾಯಿತು. ನಾಲ್ಕು ಋತುಗಳ ಲೆಕ್ಕ ಮನೆಮಾತಾದದ್ದು ಆಗ. ಆ ಲೆಕ್ಕದಲ್ಲಿ ಏಷ್ಯಾದವರು, ಆಫ್ರಿಕಾ ಮೂಲದವರು ಬಹುಪಾಲು 'ಚಳಿಗಾಲ'ಕ್ಕೆ ಸೇರಿದವರು. ಕೊಡಗಿನವರು, ಕರಾವಳಿಯವರು, ಕಲಬುರಗಿಯವರು ಎಲ್ಲರನ್ನೂ ಒಂದೇ ಗೂಡಿಗೆ ತುಂಬಿ, ಇದು ನಿಮ್ಮೊಬ್ಬರದೇ ಗುರುತು ಎಂದು ಹೇಳಿದಂತಾಯಿತು.

ಇಟ್ಟೆನ್ ತಾನೇನು ತೊಡುತ್ತಿದ್ದ ಎಂಬುದು ಇನ್ನೂ ಸ್ವಾರಸ್ಯದ ವಿಷಯ. ಆತ ಮಜ್ದಾಜ್ನಾನ್ ಎಂಬ ಪಂಥದ ಅನುಯಾಯಿ. ತಲೆ ಬೋಳಿಸಿಕೊಂಡು, ತಾನೇ ವಿನ್ಯಾಸ ಮಾಡಿದ, ಸನ್ಯಾಸಿಯ ನಿಲುವಂಗಿಯಂಥ ಉಡುಪಿನಲ್ಲಿ ತರಗತಿಗೆ ಬರುತ್ತಿದ್ದ. ಅವರವರ ಬಣ್ಣ ಅವರವರಿಗೆ ಎಂದು ಕಂಡುಕೊಂಡವನ ಮೈಮೇಲೆ ಇದ್ದದ್ದು ಒಂದು ನಂಬಿಕೆಯ ಗುರುತು, ಒಂದು ಗುಂಪಿನೊಂದಿಗೆ ನಿಂತವನ ಗುರುತು.

ಹೀಗೆ ನೋಡಿದರೆ ಬೀರುವಿನ ಮುಂದೆ ನಿಂತು 'ನನಗೆ ಯಾವುದು ಒಪ್ಪುತ್ತದೆ' ಎಂದು ಕೇಳಿಕೊಳ್ಳುವುದು ಅಷ್ಟೇನೂ ಹಗುರ ಪ್ರಶ್ನೆಯಲ್ಲ. ಒಪ್ಪಬೇಕಾದ ಆ 'ನಾನು' ಎಲ್ಲಿದೆ, ಹೇಗಿದೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಧರ್ಮಗಳೂ ದರ್ಶನಗಳೂ ಸಾವಿರಾರು ವರ್ಷ ಜಗಳವಾಡಿದ್ದು ಇದೇ ವಿಷಯಕ್ಕೆ.

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ದೇಹವೇ ಒಂದು ಬಟ್ಟೆ. ಹಳತಾದಾಗ ಕಳಚಿ ಹೊಸದನ್ನು ತೊಡುವುದು ಆತ್ಮದ ರೂಢಿ. ಈ ಮಾತನ್ನು ಒಪ್ಪಿದವರಿಗೆ ಮೈಗೆ ಹೊಂದುವ ಬಣ್ಣ ಹುಡುಕುವುದೆಂದರೆ ಒಂದು ಬಟ್ಟೆಗೆ ಇನ್ನೊಂದು ಬಟ್ಟೆಯನ್ನು ಹೊಂದಿಸುವುದಷ್ಟೆ, ಆತ್ಮಕ್ಕೂ ಅದಕ್ಕೂ ಸಂಬಂಧವಿಲ್ಲ. ಬೌದ್ಧರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 'ಮಿಲಿಂದ ಪ್ರಶ್ನೆ'ಯಲ್ಲಿ ಭಿಕ್ಷು ನಾಗಸೇನ ರಾಜನನ್ನು ಕೇಳುತ್ತಾನೆ: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ ಎಂದಾದರೆ ರಥವೆಂಬುದು ಕೂಡಿಕೆಗೆ ಇಟ್ಟ ಹೆಸರು ಮಾತ್ರ, 'ನಾನು' ಎಂಬುದೂ ಹಾಗೆಯೇ. ಇಪ್ಪತ್ತನೆಯ ಶತಮಾನದ ಫ್ರಾನ್ಸಿನ ಜಾನ್ ಪಾಲ್ ಸಾರ್ತ್ರ್ ಬೇರೆ ದಾರಿಯಿಂದ ಇದೇ ಬಾಗಿಲಿಗೆ ಬಂದ. 1943ರ ತನ್ನ ಕೃತಿಯಲ್ಲಿ ಆತ ಕಾಫಿಖಾನೆಯ ಮಾಣಿಯೊಬ್ಬನನ್ನು ತೋರಿಸುತ್ತಾನೆ. ಆ ಮಾಣಿಯ ನಡಿಗೆ ತುಸು ಹೆಚ್ಚೇ ಚುರುಕು, ಬಾಗುವಿಕೆ ತುಸು ಹೆಚ್ಚೇ ವಿನಯ. ಆತ ಮಾಣಿಯಾಗಿಲ್ಲ, ಮಾಣಿಯ ಪಾತ್ರ ಮಾಡುತ್ತಿದ್ದಾನೆ. ಸಾರ್ತ್ರನ ಪ್ರಕಾರ ಮನುಷ್ಯನೊಳಗೆ ಮೊದಲೇ ಸಿದ್ಧವಾಗಿ ಕೂತ ಸ್ವಭಾವವೊಂದಿಲ್ಲ. ಆಯ್ದುಕೊಂಡದ್ದರಿಂದ ಅವನು ಆಗುತ್ತಾ ಹೋಗುತ್ತಾನೆ.

ಮೂರೂ ಕಡೆಯವರನ್ನು ಒಂದೆಡೆ ಕೂರಿಸಿದರೆ ಶೈಲಿ ಹುಡುಕಿಕೊಡುವ ವ್ಯಾಪಾರಕ್ಕೆ ತಳಪಾಯವೇ ಉಳಿಯುವುದಿಲ್ಲ. ಒಬ್ಬರ ಪ್ರಕಾರ ಒಳಗಿರುವುದಕ್ಕೆ ಬಣ್ಣವಿಲ್ಲ. ಇನ್ನೊಬ್ಬರ ಪ್ರಕಾರ ಒಳಗೆ ಯಾರೂ ಇಲ್ಲ. ಮತ್ತೊಬ್ಬರ ಪ್ರಕಾರ ಇರುವವನು ಇನ್ನೂ ಆಗಿಯೇ ಇಲ್ಲ.

ಹಾಗಾದರೆ ಬಟ್ಟೆಯ ವಿಚಾರ ಬರೀ ಪೊಳ್ಳೇ? ಕನ್ನಡದ ಜನ ಹಾಗೆ ತಿಳಿದಂತಿಲ್ಲ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆ ಇನ್ನೊಂದು ಕಡೆಯಿಂದ ಮಾತು ತೆಗೆಯುತ್ತದೆ. ಬಟ್ಟೆ ತೊಡುವವನಷ್ಟೇ ನೋಡುವವನಿಗೂ ಸೇರಿದ್ದು ಎಂಬುದು ಅದರ ತಿರುಳು. ಮೇಲ್ನೋಟಕ್ಕೆ ಇದು ಲೋಕಕ್ಕೆ ಹೆದರಿ ಬದುಕುವವರ ಬುದ್ಧಿಮಾತಿನಂತೆ ಕಾಣಬಹುದು. ಆದರೆ ಬಟ್ಟೆಯ ವಿಷಯದಲ್ಲಿ ನೆನಪಿನಲ್ಲಿ ಉಳಿದ ಮಂದಿಯ ಕತೆಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಅವರಲ್ಲಿ ಯಾರೂ ನೆನಪಿನಲ್ಲಿ ಉಳಿದ ಆ ಶೈಲಿಯನ್ನು ಕನ್ನಡಿಯಲ್ಲಿ ಹುಡುಕಿ ಪಡೆದವರಲ್ಲ ಎಂಬುದು ಕಾಣುತ್ತದೆ. ಯಾರಿಗಾಗಿ ಉಡಬೇಕು, ಯಾರ ಜೊತೆ ನಿಲ್ಲಬೇಕು ಎಂದು ಅವರು ತೀರ್ಮಾನಿಸಿದರು. ಶೈಲಿ ತಾನಾಗಿ ಹಿಂದೆ ಬಂತು.

ಬಟ್ಟೆಯೇ ಬೇಡ ಎಂದವರಿಂದಲೇ ಶುರುಮಾಡಬಹುದು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ ಬಾಹುಬಲಿಗೆ ಹಬ್ಬಿದ ಬಳ್ಳಿಯ ಹೊರತು ಮೈಮೇಲೆ ಏನೂ ಇಲ್ಲ. ದಿಗಂಬರ ಮುನಿಯ ಕೈಯಲ್ಲಿ ನವಿಲುಗರಿಯ ಪಿಂಛಿ, ಒಂದು ಕಮಂಡಲು. ಅಷ್ಟೇ ಆಸ್ತಿ. ಇದರ ಹಿಂದಿನ ತರ್ಕ ಬಹಳ ಲೌಕಿಕವಾದದ್ದು. ಒಂದು ತುಂಡು ಬಟ್ಟೆ ಇದ್ದರೂ ಅದನ್ನು ಬೇಡಬೇಕು, ಒಗೆಯಬೇಕು, ಒಣಗಿಸಬೇಕು, ಕಳುವಾದೀತೆಂದು ಕಾಯಬೇಕು. ಲಂಗೋಟಿಯನ್ನು ಇಲಿ ಕಡಿಯಿತೆಂದು ಬೆಕ್ಕು ಸಾಕಿ, ಬೆಕ್ಕಿಗೆ ಹಾಲು ಬೇಕೆಂದು ಹಸು ಕಟ್ಟಿ, ಹಸು ನೋಡಿಕೊಳ್ಳಲು ಹೆಂಡತಿಯನ್ನು ತಂದ ಸನ್ಯಾಸಿಯ ಕತೆ ಹಳ್ಳಿಯ ಕಟ್ಟೆಗಳಲ್ಲಿ ಇಂದಿಗೂ ಓಡಾಡುತ್ತದೆ.

ಜೈನರ ಇನ್ನೊಂದು ಪಂಗಡವಾದ ಶ್ವೇತಾಂಬರರು ಇದನ್ನು ಒಪ್ಪಲಿಲ್ಲ. ಅಂಟು ಮನಸ್ಸಿನಲ್ಲಿರುವುದೇ ಹೊರತು ಬಟ್ಟೆಯಲ್ಲಲ್ಲ ಎಂದರು. ಈ ವಾದ ಸನ್ಯಾಸಿಗಳ ಒಳಜಗಳವಾಗಿ ಉಳಿಯಲಿಲ್ಲ, ಅದರ ತುದಿ ಹೆಣ್ಣಿಗೆ ಚುಚ್ಚಿತು. ಬಟ್ಟೆ ಬಿಡದೆ ಮೋಕ್ಷವಿಲ್ಲ, ಹೆಣ್ಣು ಬಟ್ಟೆ ಬಿಡುವಂತಿಲ್ಲ, ಆದ್ದರಿಂದ ಹೆಣ್ಣುಜನ್ಮದಲ್ಲಿ ಮೋಕ್ಷವಿಲ್ಲ ಎಂಬ ತೀರ್ಮಾನಕ್ಕೆ ದಿಗಂಬರ ಪಂಡಿತರು ಬಂದರು. ಶ್ವೇತಾಂಬರರಾದರೋ ಹತ್ತೊಂಬತ್ತನೆಯ ತೀರ್ಥಂಕರ ಮಲ್ಲಿ ಹೆಣ್ಣೇ ಎನ್ನುತ್ತಿದ್ದರು. ಇವೆರಡರ ನಡುವೆ ಕರ್ನಾಟಕದಲ್ಲಿ ನೆಲೆಗೊಂಡಿದ್ದ ಯಾಪನೀಯ ಎಂಬ ಸಂಘ ಅಪರೂಪದ ನಿಲುವು ತಾಳಿತು. ಅದರ ಮುನಿಗಳು ದಿಗಂಬರರಂತೆ ಬೆತ್ತಲೆ ಇರುತ್ತಿದ್ದರು, ಆದರೆ ಬಟ್ಟೆ ಉಟ್ಟ ಹೆಣ್ಣಿಗೂ ಮೋಕ್ಷವಿದೆ ಎಂದು ವಾದಿಸುತ್ತಿದ್ದರು. ಅಮೋಘವರ್ಷನ ಕಾಲದ ವ್ಯಾಕರಣಕಾರ ಶಾಕಟಾಯನ ಇದೇ ಪಂಥದವನು. ಹೆಣ್ಣಿನ ಮೋಕ್ಷವನ್ನು ಸಮರ್ಥಿಸಲೆಂದೇ ಅವನು 'ಸ್ತ್ರೀನಿರ್ವಾಣ ಪ್ರಕರಣ' ಬರೆದ. ತಾನು ಕಳಚಿದ್ದನ್ನು ಇನ್ನೊಬ್ಬರೂ ಕಳಚಲೇಬೇಕೆಂದು ಹಟ ಹಿಡಿಯದ ಈ ಬೆತ್ತಲೆಯ ಔದಾರ್ಯ ಇಂದು ಹೆಚ್ಚು ಮಂದಿಗೆ ಗೊತ್ತಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಹೆಣ್ಣು ಮಾಡುವಂತಿಲ್ಲ ಎಂದದ್ದನ್ನೇ ಮಾಡಿದಳು. ಅರಸ ಕೌಶಿಕನ ಅರಮನೆಯನ್ನೂ ಮೈಮೇಲಿನ ಬಟ್ಟೆಯನ್ನೂ ಬಿಟ್ಟು ಕಲ್ಯಾಣಕ್ಕೆ ಬಂದವಳಿಗೆ ಅನುಭವ ಮಂಟಪದಲ್ಲಿ ಹೂಮಾಲೆಯ ಸ್ವಾಗತವೇನೂ ಕಾದಿರಲಿಲ್ಲ. ಶೂನ್ಯಸಂಪಾದನೆಯಲ್ಲಿ ಬರುವಂತೆ ಅಲ್ಲಮ ಅವಳನ್ನು ಬಿಡದೆ ಕೆಣಕುತ್ತಾನೆ. ಬಟ್ಟೆ ಬಿಟ್ಟವಳಿಗೆ ಕೂದಲಿನ ಮರೆ ಏಕೆ? ಸಂಕೋಚ ಅಳಿದಿದ್ದರೆ ಮುಚ್ಚಿಕೊಳ್ಳುವುದು ಯಾವುದನ್ನು? ಬಹಳ ಹರಿತವಾದ ಪ್ರಶ್ನೆ. ಬಿಟ್ಟೆ ಎನ್ನುವುದೂ ಒಂದು ಪ್ರದರ್ಶನವಾಗಿರಬಹುದಲ್ಲ ಎಂಬ ಅನುಮಾನ ಅದರೊಳಗಿದೆ. ಅಕ್ಕನ ಉತ್ತರದ ಸಾರ ಇಷ್ಟು: ಒಳಗು ಹಣ್ಣಾಗದೆ ಹೊರಗಿನ ಕಳೆ ಕುಂದದು, ಮೈಯ ಕುರುಹು ಕಂಡು ನೋಡುವವರಿಗೆ ನೋವಾದೀತೆಂದು ಈ ಮರೆ. ಅಂದರೆ ಕೂದಲು ಅವಳ ನಾಚಿಕೆಗೆ ಹೊದಿಸಿದ್ದಲ್ಲ, ಎದುರಿಗಿದ್ದವರ ದುರ್ಬಲತೆಗೆ ಹೊದಿಸಿದ್ದು. ಲೋಕದ ನೋಟವನ್ನು ಧಿಕ್ಕರಿಸಿ ಬಂದವಳು ನೋಡುವವರ ಮೇಲಿನ ಕರುಣೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಅದೇ ಶರಣ ಪರಂಪರೆಯ ಹಿರಿಯ ಜೇಡರ ದಾಸಿಮಯ್ಯ ಮುದನೂರಿನ ನೇಕಾರ. ಮೈಯ ಗುರುತು ನೋಡಿ ಜನ ಗಂಡು ಹೆಣ್ಣು ಎಂದು ಕರೆಯುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ಹೇಳಿದವನು ಅವನು. ಮಗ್ಗದ ಮುಂದೆ ಕೂತು ಊರಿನವರಿಗೆಲ್ಲ ಹೊರಗಿನ ಗುರುತನ್ನು ನೇಯ್ದುಕೊಡುತ್ತಿದ್ದವನ ಬಾಯಿಂದ ಈ ಮಾತು ಬಂದಿದೆ. ಬಟ್ಟೆಯಲ್ಲಿ ಮನುಷ್ಯ ಪೂರ್ತಿ ಹಿಡಿಸುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬೌದ್ಧ ಭಿಕ್ಷುವಿನ ಚೀವರದ್ದು ಬೇರೆಯೇ ಹಾದಿ. ಆರಂಭದಲ್ಲಿ ಅದು ಕಸದ ರಾಶಿಯಿಂದ, ಸ್ಮಶಾನದಿಂದ ಆಯ್ದ ಚಿಂದಿ. ಆಮೇಲೆ ಒಂದು ನಮೂನೆ ಬಂತು. ಮಗಧದ ಭತ್ತದ ಗದ್ದೆಗಳನ್ನು, ಅವುಗಳ ಬದುಗಳನ್ನು ತೋರಿಸಿ ಬುದ್ಧ ಆ ಥರ ಹೊಲಿಯಲು ಸಾಧ್ಯವೇ ಎಂದು ಆನಂದನನ್ನು ಕೇಳಿದನೆಂದೂ, ಆನಂದ ಹಾಗೆಯೇ ತುಂಡುಗಳನ್ನು ಜೋಡಿಸಿಕೊಟ್ಟನೆಂದೂ ವಿನಯಪಿಟಕ ಹೇಳುತ್ತದೆ. ಕತ್ತರಿಸಿ ಜೋಡಿಸಿದ ಬಟ್ಟೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಕಳ್ಳನಿಗೂ ಬೇಡ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಯೂರಿ ಆರು ದಶಕ ದಾಟಿದೆ. ಅಲ್ಲಿನ ಮಠಗಳ ಪ್ರಾರ್ಥನಾ ಮಂದಿರದಲ್ಲಿ ಸಾಲಾಗಿ ಕೂತ ಕಂದುಗೆಂಪು ವಸ್ತ್ರದ ಭಿಕ್ಷುಗಳನ್ನು ಕಂಡಾಗ, ಬಟ್ಟೆ ಒಂದಾದಷ್ಟೂ ಮುಖಗಳು ಎಷ್ಟು ಬೇರೆಬೇರೆ ಎಂಬುದು ಎದ್ದು ಕಾಣುತ್ತದೆ.

ಸೂಫಿಗಳಲ್ಲಿ ಗುರು ಶಿಷ್ಯನಿಗೆ ಹೊದಿಸುವ ಖಿರ್ಖಾ ಎಂಬ ನಿಲುವಂಗಿಯೂ ಚೀವರದಂತೆ ಮಾರುಕಟ್ಟೆಯಿಂದ ಹೊರಗೆ. ಅದನ್ನು ಕೊಳ್ಳುವಂತಿಲ್ಲ, ಆರಿಸಿಕೊಳ್ಳುವಂತಿಲ್ಲ. ಕೊಟ್ಟರೆ ಉಂಟು. ದೆಹಲಿಯ ನಾಸಿರುದ್ದೀನ್ ಚಿರಾಗ್ ತಮ್ಮ ಗುರು ನಿಜಾಮುದ್ದೀನರಿಂದ ಬಂದ ಖಿರ್ಖಾವನ್ನು ಯಾವ ಶಿಷ್ಯನಿಗೂ ಕೊಡದೆ, 1356ರಲ್ಲಿ ತಮ್ಮೊಂದಿಗೇ ಮಣ್ಣು ಮಾಡಿಸಿಕೊಂಡರೆಂದು ಪರಂಪರೆ ಹೇಳುತ್ತದೆ. ಅವರ ಶಿಷ್ಯ ಗೇಸುದರಾಜರು ದಕ್ಷಿಣಕ್ಕೆ ಬಂದು ಕಲಬುರಗಿಯಲ್ಲಿ ಬಂದೇನವಾಜರಾಗಿ ನೆಲೆಸಿದಾಗ ಆ ನಿಲುವಂಗಿ ಅವರ ಹೆಗಲ ಮೇಲೆ ಇರಲಿಲ್ಲ. ಜನ ಅವರನ್ನು ಗುರುವೆಂದು ಒಪ್ಪಲು ಅದೇನೂ ಅಡ್ಡಿಯಾಗಲಿಲ್ಲ.

ಇಷ್ಟೆಲ್ಲ ಇದ್ದೂ ವೇಷಕ್ಕೆ ಮೋಸದ ಕೆಟ್ಟ ಹೆಸರು ತಪ್ಪಿದ್ದಲ್ಲ. ಹೊಟ್ಟೆಪಾಡಿಗೆ ವಿರಕ್ತಿಯ ವೇಷ ಹಾಕುವವರನ್ನು ಪುರಂದರದಾಸರು ಕೀರ್ತನೆಯಲ್ಲಿ ಚೆನ್ನಾಗಿ ಝಾಡಿಸಿದ್ದಾರೆ. ಜರಡಿ ಹಿಡಿದು ನೋಡಿದರೆ ಅವರ ಕೋಪ ವಸ್ತ್ರದ ಮೇಲಲ್ಲ, ವಸ್ತ್ರ ಹೇಳುವ ಮಾತನ್ನು ಬದುಕು ನಡೆಸಿಕೊಡದೆ ಇದ್ದುದರ ಮೇಲೆ. ಅವರೂ ವ್ಯಾಪಾರದ ಸಿರಿಯನ್ನು ಬಿಟ್ಟು ತಂಬೂರಿ, ಗೆಜ್ಜೆ, ಗೋಪಾಳಬುಟ್ಟಿಯ ದಾಸವೇಷವನ್ನು ಹೊತ್ತವರೇ.

ಇನ್ನು ಬಟ್ಟೆಯಿಂದಲೇ ಲೋಕದ ಕಣ್ಣಿಗೆ ಬಿದ್ದ ಒಬ್ಬರ ಕತೆ. 1888ರಲ್ಲಿ ಲಂಡನ್ನಿಗೆ ಇಳಿದ ಹತ್ತೊಂಬತ್ತರ ಹೊಸ್ತಿಲಿನ ಮೋಹನದಾಸ ಗಾಂಧಿ ಇಂದಿನ ಭಾಷೆಯಲ್ಲಿ ಹೇಳಿದರೆ ತನ್ನ ಶೈಲಿ ಹುಡುಕುತ್ತಿದ್ದ. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡ್ ಕೊಟ್ಟು ಸಂಜೆಯ ಸೂಟು ಹೊಲಿಸಿದ್ದು, ಎತ್ತರದ ಟೊಪ್ಪಿಗೆ, ಅಣ್ಣನಿಂದ ತರಿಸಿಕೊಂಡ ಬಂಗಾರದ ಜೋಡಿ ಗಡಿಯಾರ ಸರಪಳಿ, ದಿನವೂ ದೊಡ್ಡ ಕನ್ನಡಿಯ ಮುಂದೆ ಟೈ ಮತ್ತು ಕ್ರಾಪು ತಿದ್ದಿಕೊಳ್ಳುತ್ತಾ ಕಳೆದ ಹತ್ತು ನಿಮಿಷ, ಇವೆಲ್ಲವನ್ನೂ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಕನ್ನಡಿಯಲ್ಲಿ ಸಿಕ್ಕ ಆ ಶೈಲಿಯ ಗಾಂಧಿಯನ್ನು ಇಂದು ಫೋಟೋದಲ್ಲಿ ಗುರುತು ಹಿಡಿಯುವುದೇ ಕಷ್ಟ.

ಆಮೇಲಿನ ಒಂದೊಂದು ಬದಲಾವಣೆಯ ಹಿಂದೆಯೂ ಯಾರೋ ಇದ್ದಾರೆ. 1893ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನ ನ್ಯಾಯಾಲಯದಲ್ಲಿ ಪೇಟ ತೆಗೆ ಎಂದಾಗ ಒಪ್ಪದೆ ಹೊರನಡೆದರು. ಅಲ್ಲಿನ 1913ರ ಮುಷ್ಕರದಲ್ಲಿ ಗುಂಡಿಗೆ ಬಲಿಯಾದ ಕೂಲಿಗಳಿಗಾಗಿ ದುಃಖ ಆಚರಿಸಿ ಕೂಲಿಗಳ ಉಡುಪನ್ನೇ ತೊಟ್ಟರು. 1915ರಲ್ಲಿ ಭಾರತಕ್ಕೆ ಮರಳಿದ್ದು ಕಾಠಿಯಾವಾಡದ ಅಂಗಿ ರುಮಾಲಿನಲ್ಲಿ. 1921ರ ವಿದೇಶಿ ಬಟ್ಟೆ ಬಹಿಷ್ಕಾರದ ಹೊತ್ತಿನಲ್ಲಿ ಖಾದಿ ಕೊಳ್ಳಲು ನಮಗೆ ದುಡ್ಡೆಲ್ಲಿ ಎಂದು ಬಡವರು ಕೇಳಿದ್ದು ಅವರನ್ನು ಕಾಡಿತು. ಆ ವರ್ಷದ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅಂಗಿ, ಟೊಪ್ಪಿಗೆ ಬಿಟ್ಟು ಮೊಣಕಾಲ ಮೇಲಿನ ತುಂಡುಪಂಚೆಗೆ ಇಳಿದರು. ಹತ್ತು ವರ್ಷದ ಮೇಲೆ ಅದೇ ಪಂಚೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆಯನ್ನು ಕಂಡರು. ಜಗತ್ತು ಇಂದಿಗೂ ಎರಡು ಗೆರೆಯಲ್ಲಿ ಬರೆದು ತೋರಿಸಬಲ್ಲ ಆ ಆಕೃತಿ, ತನಗೆ ಏನು ಒಪ್ಪುತ್ತದೆ ಎಂಬ ಪ್ರಶ್ನೆಯಿಂದ ಹುಟ್ಟಿದ್ದಲ್ಲ.

ಆದರೆ ತುಂಡುಪಂಚೆ ಎಲ್ಲರ ಉತ್ತರವಾಗಲಾರದು. ಬಟ್ಟೆ ಬಿಡುವುದು ತ್ಯಾಗವಾಗಬೇಕಾದರೆ ತೊಡುವ ಹಕ್ಕು ಮೊದಲು ಇರಬೇಕು. ಆ ಹಕ್ಕೇ ಇಲ್ಲದವರಿಗೆ ಸರಳತೆಯ ಉಪದೇಶ ಮಾಡುವುದು ಉಪವಾಸ ಬಿದ್ದವರಿಗೆ ಏಕಾದಶಿಯ ಮಹಿಮೆ ಹೇಳಿದ ಹಾಗೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧವಿಡೀ ಹೊಡೆತ ತಿಂದು ಹೋರಾಡಿದರು. ಮದ್ರಾಸಿನ ಗವರ್ನರನ ಒತ್ತಡ ಬಿದ್ದ ಮೇಲೆ 1859ರ ಜುಲೈ 26ರಂದು ಮಹಾರಾಜರ ಘೋಷಣೆ ಹೊರಬಿತ್ತು. ಅನುಮತಿಯಲ್ಲೂ ಒಂದು ಕೊಕ್ಕೆ ಇತ್ತು. ಮುಚ್ಚಿಕೊಳ್ಳಬಹುದು, ಮೇಲ್ಜಾತಿಯ ಹೆಂಗಸರು ಹೊದೆಯುವ ರೀತಿಯಲ್ಲಿ ಮಾತ್ರ ಕೂಡದು. ಮಾನ ಮುಚ್ಚುವುದಕ್ಕೆ ಒಪ್ಪಿದ ರಾಜ್ಯ ಶೈಲಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬಟ್ಟೆಯ ಮಡಿಕೆಯಲ್ಲಿ ಎಷ್ಟು ಅಧಿಕಾರ ಅಡಗಿರುತ್ತದೆ ಎಂಬುದು ಆಳುವವರಿಗೆ ಗೊತ್ತಿತ್ತು.

ಅಂಬೇಡ್ಕರರಿಗೂ ಗೊತ್ತಿತ್ತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ಸಮ್ಮೇಳನದಲ್ಲಿ ದಲಿತ ಹೆಂಗಸರನ್ನು ಕುರಿತು ಅವರು ಆಡಿದ ಮಾತಿನಲ್ಲಿ ಸೀರೆಗೆ ದೊಡ್ಡ ಜಾಗವಿತ್ತು. ಜಾತಿಯ ಗುರುತು ಹೇಳುವ ಹಾಗೆ ಮೊಣಕಾಲಿಗೆ ಎತ್ತಿ ಕಟ್ಟುವುದನ್ನು ಬಿಡಿ, ಮೈಗೆ ಭಾರವಾಗುವ ಅಗ್ಗದ ಒಡವೆಗಳನ್ನು ಬಿಡಿ, ಸೀರೆಯನ್ನು ಪಾದದವರೆಗೆ ಇಳಿಬಿಟ್ಟು ಉಡಿ ಎಂದರು. ಹೆಂಗಸರು ಹೊತ್ತು ಕಳೆಯದೆ ಹಾಗೆಯೇ ಉಟ್ಟರು. ಅಂಬೇಡ್ಕರರ ತ್ರೀಪೀಸ್ ಸೂಟಿನ ಬಗ್ಗೆ ಮೂಗು ಮುರಿದವರು ಅಂದೂ ಇದ್ದರು. ಮೈಮುಚ್ಚಲು ಹಳೆಬಟ್ಟೆ, ಸತ್ತವರ ಬಟ್ಟೆ ಎಂದು ಶಾಸ್ತ್ರ ಬರೆದಿಟ್ಟ ನಾಡಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಕೋಟೇ ಒಂದು ವಾದ ಎಂಬುದು ಹಾಗೆ ಮೂಗು ಮುರಿದವರಿಗೆ ಹೊಳೆಯಲಿಲ್ಲ. ಹಳ್ಳಿಹಳ್ಳಿಯ ವೃತ್ತಗಳಲ್ಲಿ ನಿಂತ ಪ್ರತಿಮೆಗೆ ನೀಲಿ ಸೂಟು ಕಡ್ಡಾಯವಾದದ್ದು ಈ ಕಾರಣಕ್ಕೆ. ಅದೇ ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆಯುವಾಗ ಬಿಳಿ ಬಟ್ಟೆಯಲ್ಲಿದ್ದರು. ಎದುರಿಗೆ ಕೂತ ಲಕ್ಷಾಂತರ ಜನರಲ್ಲೂ ಬಿಳಿಯೇ.

ತುಂಡುಪಂಚೆಯೂ ತ್ರೀಪೀಸ್ ಸೂಟೂ ನೋಡಲು ಒಂದಕ್ಕೊಂದು ಎದುರು. ಇವು ಹುಟ್ಟಿದ ಪ್ರಶ್ನೆ ಮಾತ್ರ ಒಂದೇ: ಯಾರಿಗಾಗಿ ಉಡಬೇಕು, ಯಾರ ಜೊತೆ ನಿಲ್ಲಬೇಕು?

ಕಾಲ ಬದಲಾದರೂ ಬಟ್ಟೆಯ ಪ್ರಶ್ನೆ ಕೋರ್ಟಿನ ಮೆಟ್ಟಿಲು ಹತ್ತುವುದು ನಿಂತಿಲ್ಲ. 2022ರಲ್ಲಿ ಉಡುಪಿಯಿಂದ ಎದ್ದು ರಾಜ್ಯವನ್ನೆಲ್ಲ ಕಲಕಿದ ಹಿಜಾಬ್ ವಿವಾದದಲ್ಲಿ ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಾರ್ಚ್ 15ರಂದು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಹೇಳಿ ಸಮವಸ್ತ್ರದ ನಿಯಮವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ನಡುವೆಯೇ ಭಿನ್ನಮತ ಬಂತು. ಹೇಮಂತ್ ಗುಪ್ತ ಹೈಕೋರ್ಟಿನ ತೀರ್ಪನ್ನು ಒಪ್ಪಿದರು. ಸುಧಾಂಶು ಧುಲಿಯಾ ಅವರು ಧರ್ಮಕ್ಕೆ ಅತ್ಯಗತ್ಯವೇ ಎಂಬ ವಿಚಾರಣೆಯೇ ಇಲ್ಲಿ ಬೇಕಿರಲಿಲ್ಲ, ಇದು ಕೊನೆಗೆ ಆಯ್ಕೆಯ ವಿಷಯ ಎಂದರು. ತಲೆಯ ಮೇಲಿನ ಒಂದು ಬಟ್ಟೆ ಯಾರಿಗೆ ಸೇರಿದ್ದು? ಶಾಸ್ತ್ರಕ್ಕೋ, ಸಂಸ್ಥೆಗೋ, ತೊಟ್ಟ ಹುಡುಗಿಗೋ? ದೇಶದ ಅತಿ ಎತ್ತರದ ನ್ಯಾಯಪೀಠವೂ ಅಂದು ಒಂದೇ ದನಿಯಲ್ಲಿ ಉತ್ತರಿಸಲಿಲ್ಲ.

ಸಮವಸ್ತ್ರವೆಂದರೆ ಒಬ್ಬೊಬ್ಬರ ಗುರುತು ಅಳಿಸಿಹೋಗುವುದು ಎಂಬ ಅನಿಸಿಕೆಯನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. ಬಾಗಲಕೋಟೆ, ಧಾರವಾಡದ ಕಡೆಯ ಹಳೆಯ ತಲೆಮಾರಿನ ಹೆಂಗಸರಲ್ಲಿ ಇಳಕಲ್ ಸೀರೆ, ಖಣದ ಕುಪ್ಪಸ ಹೆಚ್ಚುಕಡಿಮೆ ಎಲ್ಲರ ಉಡುಗೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕುಣಿಕೆ ಹಾಕಿ ಸೇರಿಸುವ ತೋಪ ತೆಣಿ ನೇಯ್ಗೆಯೂ ಎಲ್ಲದರಲ್ಲಿ ಒಂದೇ. ಬೇರೆಯಾಗುತ್ತಿದ್ದದ್ದು ಕಸೂತಿಯಲ್ಲಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆ. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟು ಕಾಣಬಾರದು. ಇಷ್ಟು ಕಟ್ಟಿನೊಳಗೇ ತೇರು, ಗೋಪುರ, ತುಳಸಿಕಟ್ಟೆ, ಆನೆ, ನವಿಲು ಮೂಡುತ್ತಿದ್ದವು. ಮದುವೆಗೆಂದು ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನು ತೆರೆದು ಇದು ಯಾರ ಕೈಯದ್ದು ಎಂದು ಹೇಳಬಲ್ಲ ಅಜ್ಜಿಯರಿದ್ದರು. ಅವರಿಗೆ ಶೈಲಿಯೆಂದರೆ ಬಿಡಿಯಾಗಿ ನಿಲ್ಲುವುದಲ್ಲ, ಎಲ್ಲರೂ ಒಪ್ಪಿದ್ದರ ಒಳಗೆ ಕೈಗುಣ ತೋರುವುದು.

ಕ್ಯಾಲಿಫೋರ್ನಿಯಾದ ಸ್ಟೀವ್ ಜಾಬ್ಸ್‌ನ ಕಪ್ಪು ಟರ್ಟಲ್‌ನೆಕ್ ಇದಕ್ಕೊಂದು ತಮಾಷೆಯ ಅಡಿಟಿಪ್ಪಣಿ. ಸ್ವಂತ ಶೈಲಿಗೆ ಮಾದರಿಯೆಂದು ಎಲ್ಲರೂ ಬೆರಳು ಮಾಡುವ ಆ ಉಡುಪು ಶುರುವಾದದ್ದು ಸಮವಸ್ತ್ರದ ಆಸೆಯಿಂದ. ಜಪಾನಿನ ಸೋನಿ ಕಾರ್ಖಾನೆಯಲ್ಲಿ ಎಲ್ಲರೂ ಒಂದೇ ಉಡುಪಿನಲ್ಲಿದ್ದದ್ದನ್ನು ಕಂಡು, ಅದು ಕೆಲಸಗಾರರನ್ನು ಬೆಸೆಯುತ್ತದೆಂದು ಮೆಚ್ಚಿ, ಆಪಲ್‌ಗೂ ಅಂಥದ್ದನ್ನು ಮಾಡಿಸಲು ಜಾಬ್ಸ್ ವಿನ್ಯಾಸಕ ಇಸ್ಸೆ ಮಿಯಾಕೆಯನ್ನು ಕೇಳಿದ್ದ. ಅಮೆರಿಕದ ನೌಕರರು ಕೂಗಿ ಕೂರಿಸಿದರು. ಕೊನೆಗೆ ಮಿಯಾಕೆ ಜಾಬ್ಸ್ ಒಬ್ಬನಿಗಾಗಿ ಕಪ್ಪು ಅಂಗಿಗಳ ಕಟ್ಟನ್ನೇ ಮಾಡಿಕೊಟ್ಟ. ಜೀವನಚರಿತ್ರೆ ಬರೆದ ವಾಲ್ಟರ್ ಐಸಾಕ್ಸನ್‌ಗೆ ಜಾಬ್ಸ್ ತಾನೇ ಹೇಳಿದ ಕತೆ ಇದು. ಎಲ್ಲರ ಜೊತೆ ಸೇರಲು ಹೊರಟು ಸೋತವನ ಮೈಮೇಲೆ ಉಳಿದದ್ದು ಅವನೊಬ್ಬನ ಗುರುತಾಯಿತು.

ಬಟ್ಟೆ ತೊಟ್ಟವರ ಮನಸ್ಸನ್ನೇ ಬದಲಿಸುತ್ತದೆಯೇ ಎಂದು ಮನೋವಿಜ್ಞಾನಿಗಳೂ ಪರೀಕ್ಷೆ ಮಾಡಿ ನೋಡಿದ್ದಾರೆ. 2012ರಲ್ಲಿ ಅಮೆರಿಕದಲ್ಲಿ ಹಾಯೊ ಆಡಮ್ ಮತ್ತು ಆಡಮ್ ಗ್ಯಾಲಿನ್‌ಸ್ಕಿ ಒಂದೇ ಬಿಳಿ ಕೋಟನ್ನು ಕೆಲವರಿಗೆ ವೈದ್ಯರದ್ದೆಂದೂ ಕೆಲವರಿಗೆ ಚಿತ್ರಕಾರರದ್ದೆಂದೂ ಹೇಳಿ ತೊಡಿಸಿದರು. ವೈದ್ಯರದ್ದೆಂದು ನಂಬಿ ತೊಟ್ಟವರ ಗಮನ ಹೆಚ್ಚು ಚುರುಕಾಯಿತು ಎಂದು ಅವರ ವರದಿ. ಅವರ ಪ್ರಯೋಗಗಳಲ್ಲೊಂದನ್ನು 2019ರಲ್ಲಿ ಬೇರೆಯವರು ಮತ್ತೆ ಮಾಡಿದಾಗ ಅದೇ ಫಲ ಸಿಗಲಿಲ್ಲ. ಸಂಗತಿ ಇತ್ಯರ್ಥವಾಗದೆ ನಿಂತಿದೆ. ಆದರೂ ಪ್ರಶ್ನೆಯ ರಚನೆಯನ್ನು ಗಮನಿಸಬೇಕು. ಬದಲಾದದ್ದು ಬಟ್ಟೆಯಲ್ಲ, ಅದು ಯಾರಿಗೆ ಸೇರಿದ್ದೆಂಬ ನಂಬಿಕೆ.

ಹಾಗೆಂದು ಕನ್ನಡಿಯ ಮುಂದೆ ನಿಲ್ಲುವವರನ್ನು ನೋಡಿ ನಗಲು ಇದು ನೆಪವಾಗಬಾರದು. ಮೊದಲ ಸಂಬಳದಲ್ಲಿ ಜೀನ್ಸ್ ಕೊಂಡ ಹುಡುಗಿಯ ಹಿಂದೆ, ಮನೆಯವರು ಆರಿಸಿಕೊಟ್ಟದ್ದನ್ನೇ ಉಟ್ಟು ಬದುಕಿದ ಎರಡು ತಲೆಮಾರು ನಿಂತಿರುತ್ತವೆ. ಅವಳಿಗೆ ತನ್ನ ಬಣ್ಣ ತಾನು ಆರಿಸುವುದೇ ದೊಡ್ಡ ಸ್ವಾತಂತ್ರ್ಯ. 'ನೋಟ ಪರರಿಚ್ಛೆ' ಎಂಬ ಗಾದೆಯನ್ನು ಅತ್ತೆ, ಪಕ್ಕದ ಮನೆ, ಬೀದಿಯ ಪಡ್ಡೆಗಳು ಎಲ್ಲರೂ ಹೆಣ್ಣಿನ ಮೇಲೆಯೇ ಹೆಚ್ಚು ಪ್ರಯೋಗಿಸಿದ್ದಾರೆ. ಆದ್ದರಿಂದ ಗಾದೆಯ 'ಪರರು' ಯಾರು ಎಂಬುದನ್ನು ತೀರ್ಮಾನಿಸುವ ಹಕ್ಕೂ ತೊಡುವವರದ್ದೇ ಆಗಬೇಕು. ಗಾಂಧಿ ಲಂಡನ್ನಿನ ಮಹನೀಯರನ್ನು ಬಿಟ್ಟು ಅಂಗಿಯಿಲ್ಲದ ರೈತನನ್ನು ಆರಿಸಿಕೊಂಡರು. ಅಂಬೇಡ್ಕರರು ಮೂಗು ಮುರಿದವರನ್ನು ಬಿಟ್ಟು ಮಹಾಡದ ಹೆಂಗಸರನ್ನು ಆರಿಸಿಕೊಂಡರು. ಅಕ್ಕ ಅರಸನ ಕಣ್ಣನ್ನು ಬಿಟ್ಟಳು.

ಈ 'ಪರರ' ಪಟ್ಟಿಗೆ ಇಂದು ಇನ್ನೊಬ್ಬರು ಸೇರಬೇಕಾಗಿದೆ, ಬಟ್ಟೆ ನೇಯ್ದವರು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಮೊದಲುಮಾಡಿದ 'ಚರಕ' ಎಂಬ ಮಹಿಳೆಯರ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರು, ದಾಳಿಂಬೆ ಸಿಪ್ಪೆಯಂಥ ನೈಸರ್ಗಿಕ ಬಣ್ಣ ಹಾಕುತ್ತದೆ. ಅದರ ಜುಬ್ಬಾ, ಸೀರೆ ಉಟ್ಟವರನ್ನು ಸಾಹಿತ್ಯ ಸಮಾರಂಭಗಳಲ್ಲಿ ದೂರದಿಂದಲೇ ಗುರುತಿಸಬಹುದು. ನೇಕಾರರ ಜೊತೆ ನಿಲ್ಲಲು ಹೊರಟದ್ದು ಅಲ್ಲೂ ಒಂದು ಶೈಲಿಯಾಗಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಕೂಡದು ಎಂದು ಪ್ರಸನ್ನ ಕರ ನಿರಾಕರಣೆಯ ಸತ್ಯಾಗ್ರಹಕ್ಕೆ ಕೂತರು. ಆದರೆ ಲೆಕ್ಕ ಇನ್ನೂ ಕೂಡಿಬರುತ್ತಿಲ್ಲ. ಕೈಮಗ್ಗದ ಅಂಗಿಯ ಬೆಲೆಗೆ ಸಂತೆಯಲ್ಲಿ ಮಿಲ್ಲಿನ ಅಂಗಿ ಎರಡು ಮೂರು ಬರುತ್ತವೆ. ನೇಯ್ಗೆಯ ಮನೆಯ ಹುಡುಗನೂ ಸಂತೆಯದ್ದನ್ನೇ ಕೊಳ್ಳುತ್ತಾನೆ. ಖಾದಿಗೆ ದುಡ್ಡೆಲ್ಲಿ ಎಂದು 1921ರಲ್ಲಿ ಬಡವರು ಕೇಳಿದ ಪ್ರಶ್ನೆಗೆ ಅಂಗಿ ಬಿಚ್ಚುವುದಕ್ಕಿಂತ ಬೇರೆ ಉತ್ತರವನ್ನು ಇನ್ನೂ ಯಾರೂ ಕೊಟ್ಟಿಲ್ಲ.